ಅಲುಗಾಡದ ಓಣಿ, ಅಲುಗಾಡಿದ ಕಾಕಾ

ಕ್ಯಾಮೆರಾ ಹಿಡಿದು ಇನ್ನೊಬ್ಬರ ಓಣಿಗೆ ಕಾಲಿಟ್ಟವರಿಗೆ ಇಂಥವು ಆಗುತ್ತಲೇ ಇರುತ್ತವೆ. ನಾನು ಈಗ ಹುಬ್ಬಳ್ಳಿಯಲ್ಲಿ ಮದುವೆ ವಿಡಿಯೋ ಜೋಡಿಸುವ ಕೆಲಸ ಮಾಡುತ್ತೇನೆ. ವಾರಕ್ಕೊಂದಾದರೂ ನಗುವಂಥದ್ದು ಸಿಗುತ್ತದೆ. ಆದರೆ ಯಾರಾದರೂ ತಮಾಷೆಯ ಪ್ರಸಂಗ ಹೇಳು ಅಂದರೆ ನನ್ನ ಬಾಯಿಗೆ ಮೊದಲು ಬರುವುದು ಕಾಲೇಜಿನ ಕೊನೆಯ ವರ್ಷ ಉಣಕಲ್ಲಿನ ಹಳೇ ಓಣಿಯಲ್ಲಿ ಸಾಕ್ಷ್ಯಚಿತ್ರ ತೆಗೆದ ಕಥೆ. ಹೇಳಿ ಮುಗಿಸುವ ಹೊತ್ತಿಗೆ ನಾನೇ ಕಣ್ಣು ಒರೆಸಿಕೊಳ್ಳುತ್ತಿರುತ್ತೇನೆ. ಕೇಳಿದವರು ನಗಬೇಕೋ ಬೇಡವೋ ಗೊತ್ತಾಗದೆ ನನ್ನ ಮುಖ ನೋಡುತ್ತಾರೆ. ನಗಬೇಕು. ಆ ಓಣಿಯ ಕಾಕಾ ಇದ್ದಿದ್ದರೆ ಎಲ್ಲರಿಗಿಂತ ಮೊದಲು ಅವರೇ ನಗುತ್ತಿದ್ದರು.

ಚಾವಿ ಕೊಡುವ ಕ್ಯಾಮೆರಾ

ನಮ್ಮ ವಿಭಾಗದ ಕಪಾಟಿನಲ್ಲಿ ಒಂದು ಹಳೆಯ ಫಿಲ್ಮ್ ಕ್ಯಾಮೆರಾ ಇತ್ತು. ಅದಕ್ಕೆ ಬ್ಯಾಟರಿ ಇಲ್ಲ, ಗೋಡೆ ಗಡಿಯಾರಕ್ಕೆ ಕೊಟ್ಟ ಹಾಗೆ ಚಾವಿ ಕೊಡಬೇಕು. ಒಂದು ಸಲ ಚಾವಿ ಕೊಟ್ಟರೆ ಅರ್ಧ ನಿಮಿಷವೂ ಓಡುವುದಿಲ್ಲ. ದನಿಯಂತೂ ಹಿಡಿಯುವುದೇ ಇಲ್ಲ. ಯಾರಿಗೆ ಯಾವ ಕ್ಯಾಮೆರಾ ಅಂತ ಚೀಟಿ ಎತ್ತಿದಾಗ ಅದು ನಮ್ಮ ತಲೆಗೆ ಬಂತು.

"ಫೋನಿನ್ಯಾಗ ತಾಸುಗಟ್ಟಲೆ ತಗೀತೀರಿ, ಒಂದ್ ನಿಮಿಷ ಕಣ್ಣಿಟ್ಟು ನೋಡಂಗಿಲ್ಲ" ಅಂದರು ವಿಭಾಗದ ಸರ್. "ಆರು ರೋಲ್ ಕೊಡ್ತೇನಿ. ಒಂದ್ ರೋಲ್ ಅಂದ್ರ ಮೂರು ನಿಮಿಷಾನೂ ಇಲ್ಲ. ಮೊದಲ ನೋಡ್ರಿ, ಆಮ್ಯಾಲೆ ತಗೀರಿ."

ನಾವಿದ್ದದ್ದು ಇಬ್ಬರು. ನಾನು ನಿರ್ದೇಶಕಿ, ಕೈಯಲ್ಲಿ ಲೆಕ್ಕ ಬರೆಯುವ ನೋಟ್‌ಬುಕ್ಕು, ಮೂಗಿನ ತುದಿಯಲ್ಲಿ ಸಿಟ್ಟು. ಕ್ಯಾಮೆರಾ ಹಿಡಿದವನು ಧಾರವಾಡದ ನನ್ನ ಸಹಪಾಠಿ. ಮಾತು ಕಡಿಮೆ, ಎತ್ತರ ಜಾಸ್ತಿ.

ಆ ಓಣಿಯಲ್ಲಿ ಒಂದು ಝೆರಾಕ್ಸ್ ಅಂಗಡಿ. ಒಂದು ಕಾಲಕ್ಕೆ ಅದು ಫೋಟೋ ಸ್ಟುಡಿಯೋ ಆಗಿತ್ತು. ಅದರ ಮಾಲೀಕರೇ ನಮ್ಮ ಕಾಕಾ, ಎಪ್ಪತ್ತಮೂರು ವರ್ಷದವರು. ನಲವತ್ತು ವರ್ಷ ಆ ಓಣಿಯ ಮದುವೆ, ತೊಟ್ಟಿಲು, ಸಾವು ಎಲ್ಲದರ ಫೋಟೋ ತೆಗೆದವರು ಅವರೇ. ನಮ್ಮ ಕ್ಯಾಮೆರಾ ನೋಡಿದ್ದೇ ಕಾಕಾನಿಗೆ ಹಳೇ ಗೆಳೆಯ ಸಿಕ್ಕಷ್ಟು ಸಂತೋಷವಾಯಿತು. ಕ್ಯಾಮೆರಾ ಇಡಲು ಅಂಗಡಿಯಲ್ಲಿ ಜಾಗ ಕೊಟ್ಟರು, ರೋಲ್ ಬಿಸಿಗೆ ಕೆಡದಂತೆ ಇಡಲು ಮನೆಯ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಜಾಗ ಕೊಡಿಸಿದರು.

ಮೊದಲ ಶಾಟ್ ಹಿಟ್ಟಿನ ಗಿರಣಿಯಲ್ಲಿ. ಗಿರಣಿಯಣ್ಣ ಜೋಳ ಬೀಸುತ್ತಿದ್ದ, ಜೋಳ ತಂದ ಅಕ್ಕ ಪಕ್ಕದಲ್ಲಿ ನಿಂತಿದ್ದಳು. ಕ್ಯಾಮೆರಾ ಕರ್ರ್ ಅಂದದ್ದೇ ತಡ, ಇಬ್ಬರೂ ಕಲ್ಲಾದರು. ಫೋನ್ ಹಿಡಿದರೆ ಕೈ ಬೀಸಿ ಕುಣಿಯುವ ಜನ, ಮೂರು ಕಾಲಿನ ಮೇಲಿನ ಕ್ಯಾಮೆರಾ ಕಂಡರೆ ಮಾತ್ರ ಉಸಿರು ಹಿಡಿದು ನಿಲ್ಲುತ್ತಿದ್ದರು. ಕಾಕಾ ನಲವತ್ತು ವರ್ಷ ಅವರಿಗೆ ಕಲಿಸಿದ್ದು ಎರಡೇ ಮಾತು. ಮೊದಲು "ಅಲುಗಾಡಬ್ಯಾಡ್ರಿ", ಕೊನೆಗೆ "ಫೋಟೋ ಆತು, ಉಸಿರ ಬಿಡ್ರಿ."

"ಅಣ್ಣಾ, ಕೆಲಸಾ ಮಾಡ್ರಿ, ಇದು ಸಿನಿಮಾ ಇದ್ದಂಗ" ಅಂದೆ. ಅಣ್ಣ ತುಟಿ ಅಲುಗಿಸದೆ "ಫೋಟೋ ಆಗ್ಲಿ ತಡೀರಿ" ಅಂದ. ಹಿಟ್ಟು ಡಬ್ಬಿ ತುಂಬಿ, ಉಕ್ಕಿ, ನೆಲಕ್ಕೆ ಬಿದ್ದು, ಅವನ ಪಾದ ಮುಚ್ಚಿತು. ಚಾವಿ ಮುಗಿದು ಕ್ಯಾಮೆರಾ ನಿಂತ ಮೇಲೆ ಇಬ್ಬರೂ ಉಸಿರು ಬಿಟ್ಟರು, ಜಗಳ ಶುರುವಾಯಿತು.

"ನನ್ನ ಹಿಟ್ಟು ಇಷ್ಟು ಚೆಲ್ಲಾಕತ್ತಿತ್ತು, ಮಷಿನ್ ಬಂದ್ ಮಾಡಾಕ ಬರಲಿಲ್ಲೇನು ನಿನಗ?"

"ನೀ ಇಲ್ಲೇ ನಿಂತಿದ್ದೆಲ್ಲ, ಹೇಳಬೇಕಿಲ್ಲೋ?"

"ಹೆಂಗ ಹೇಳ್ಲಿ? ನಾನೂ ಫೋಟೋದಾಗ ಇದ್ನಲ್ಲ."

ತೋರಿಸ್ರಿ, ನೋಡೂಣು

ಗಿರಣಿಯ ಎದುರಿನ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಕೂತಿರುತ್ತಿದ್ದಳು. ಮೂರು ದಿನ ಟ್ರಂಕಿನೊಳಗಿನ ಇಳಕಲ್ ಸೀರೆ ಉಟ್ಟು ಕಾದು, ನಾಲ್ಕನೆಯ ದಿನ ನಮ್ಮ ಕ್ಯಾಮೆರಾದ ಮುಂದೆ ಅರ್ಧ ನಿಮಿಷ ಉಸಿರು ಹಿಡಿದು ಕೂತಳು. ಮುಗಿದದ್ದೇ ಕೈ ಚಾಚಿದಳು.

"ತೋರಿಸ್ರಿ, ನೋಡೂಣು."

"ಇದರಾಗ ಈಗ ಕಾಣಂಗಿಲ್ಲ ಅಜ್ಜಿ. ಮುಂಬೈಗೆ ಕಳಿಸಿ ಫಿಲ್ಮ್ ತೊಳಸ್ಬೇಕು. ಅಲ್ಲಿ ಒಬ್ರ ಅದಾರ ಇದನ್ನ ತೊಳಿಯಾಂವರು."

"ಎಷ್ಟ ದಿನಾ?"

"ಒಂದೂವರಿ ತಿಂಗಳು ಆಗಬಹುದು."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನನಗ ಎಂಬತ್ತಾರು ನಡದಾವು. ಒಂದೂವರಿ ತಿಂಗಳು ಅಂತ ಎಷ್ಟ ಧೈರ್ಯದಿಂದ ಹೇಳ್ತಿ ನೀ. ನಾ ಹೋದಮ್ಯಾಲೆ ಬಂದ್ರ ಯಾರಿಗೆ ತೋರಸಾಕಿ?"

ಹಿಂದೆ ನಿಂತಿದ್ದ ಕಾಕಾ ನಕ್ಕರು. "ನಿನಗೇನೂ ಆಗಂಗಿಲ್ಲ ಬೇ. ನಮ್ಮನ್ನೆಲ್ಲಾ ಮಣ್ಣಿಗೆ ಮುಟ್ಟಿಸಿ ಬಂದು ಆಮ್ಯಾಲೆ ಹೋಗಾಕಿ ನೀ."

ಓಣಿಯೆಲ್ಲ ನಕ್ಕಿತು, ನಾನೂ ನಕ್ಕೆ. ಅಜ್ಜಿ ಈಗಲೂ ಆ ಕಟ್ಟೆಯ ಮೇಲೆ ಕೂತಿರುತ್ತಾಳೆ. ನಾನು ಆ ದಾರಿಯಲ್ಲಿ ಹೋದರೆ ಕೈ ಚಾಚುವುದನ್ನೂ ಬಿಟ್ಟಿಲ್ಲ.

ಹಾಳು

ನಿಂತವರ ಸೆರಗು ಸೊಟ್ಟಗಿದ್ದರೆ ಕಾಕಾನಿಗೆ ತಡೆಯಲು ಆಗುತ್ತಿರಲಿಲ್ಲ. ಕ್ಯಾಮೆರಾ ಓಡುತ್ತಿರುವಾಗಲೇ ಪಕ್ಕದಿಂದ ಬರುವರು. ಸೆರಗು ಸರಿ ಮಾಡುವರು, ಗದ್ದಕ್ಕೆ ಬೆರಳು ಕೊಟ್ಟು ಮುಖ ಎತ್ತುವರು, ಹೆಗಲು ಹಿಂದಕ್ಕೆ ತಳ್ಳುವರು. ಆಮೇಲೆ ನಮ್ಮ ಕಡೆ ತಿರುಗಿ, ಅಂಗೈ ತೋರಿಸಿ, ಅಲುಗಾಡಬ್ಯಾಡ್ರಿ ಅಂತ ಹೇಳಿ ಸರಿಯುವರು. ಅಷ್ಟರಲ್ಲಿ ಚಾವಿ ಮುಗಿದಿರುತ್ತಿತ್ತು.

"ಕಾಕಾ, ಜನ ಅಲುಗಾಡಬೇಕ್ರಿ. ನೀವು ನಡುವ ಬರಬಾರ್ದು."

"ಆತವಾ ಆತು. ಇನ್ನ ಬರಂಗಿಲ್ಲ."

ಮುಂದಿನ ಶಾಟಿಗೆ ಮತ್ತೆ ಬರುವರು. ನಾನು ನೋಟ್‌ಬುಕ್ಕಿನಲ್ಲಿ "ಕಾಕಾ ಬಂದ್ರು. ಹಾಳು" ಅಂತ ಬರೆಯುತ್ತಿದ್ದೆ. ಒಂದು ದಿನ ಅದು ಅವರ ಕೈಗೆ ಸಿಕ್ಕಿತು. ಕನ್ನಡಕ ಏರಿಸಿ ಒಂದೊಂದೇ ಹಾಳೆ ತಿರುವಿದರು.

"ಹನ್ನೊಂದ ಸಲ ಹಾಳ ಮಾಡೇನೇನು?"

"ಹನ್ನೊಂದು ಸಲರೀ."

"ಒಂದ ಡಜನ್ ಪೂರಾ ಮಾಡಿಬಿಡ್ತೇನಿ ತಡಿ."

ಮಾಡಿಯೇಬಿಟ್ಟರು, ಅದೇ ಸಂಜೆ, ಐದನೆಯ ರೋಲಿನ ಕೊನೆಗೆ. ನನಗೆ ಸಿಟ್ಟು ನೆತ್ತಿಗೇರಿತು. ಓಣಿಯವರೆಲ್ಲರ ಮುಂದೆ, "ನಿಮ್ಮಿಂದನ ನಮ್ಮ ಪಿಚ್ಚರ್ ಕೆಟ್ಟತು ಕಾಕಾ, ಒಂದ್ ಸಲರ ಸುಮ್ಮನ ಕೂಡಾಕ ಬರೂದಿಲ್ಲೇನು ನಿಮಗ?" ಅಂತ ಕೂಗಾಡಿದೆ. ಅಷ್ಟು ಹಿರಿಯರಿಗೆ ನಾನು ಹಾಗೆ ಅನ್ನಬಾರದಿತ್ತು. ಅದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಅವರಿಗೆ ಬೇಜಾರಾದಂತೆ ಕಾಣಲಿಲ್ಲ. ಚಹಾ ತರಿಸಿಕೊಟ್ಟು ಅಂದರು: "ನೋಡವಾ, ನಲವತ್ತ ವರ್ಷದಾಗ ನಾ ಹೇಳ್ದಂಗ ಸುಮ್ಮನ ಕೂತವ್ರು ಸತ್ತವ್ರ ಅಷ್ಟ. ಅವ್ರ ಫೋಟೋ ಒಂದೂ ಅಲುಗಾಡಿಲ್ಲ. ಆದ್ರ ಅವ್ರೊಳಗ ಒಬ್ರೂ ಫೋಟೋ ಛಲೋ ಬಂದೈತಿ ಅಂತ ಹೇಳಾಕ ಬರಲಿಲ್ಲ."

ಮದುವೆ ಫೋಟೋದ ಮೊಣಕೈ

ಮರುದಿನ ಕಾಕಿ, ಅಂದರೆ ಕಾಕಾನ ಹೆಂಡತಿ, ನನ್ನನ್ನು ಅಡುಗೆಮನೆಗೆ ಕರೆದು ಅವಲಕ್ಕಿ ಕೊಟ್ಟರು. ತಟ್ಟೆ ಖಾಲಿಯಾದ ಮೇಲೆ ತಮ್ಮ ಮದುವೆಯ ಫೋಟೋ ತಂದು ತೋರಿಸಿದರು. ಬಾಸಿಂಗ ಕಟ್ಟಿಕೊಂಡ ಹುಡುಗಿ ಒಬ್ಬಳೇ ಕೂತಿದ್ದಾಳೆ. ಪಕ್ಕದ ಜಾಗ ಖಾಲಿ. ಅಂಚಿನಲ್ಲಿ ಒಂದು ಮೊಣಕೈ ಮಾತ್ರ ಇದೆ.

"ಫೋಟೋದಾಂವ ಲೈಟ್ ಸರಿ ಇಟ್ಟಿಲ್ಲಂತ ಎದ್ದು ಹೋಗಿದ್ರು ನೋಡು ಇವ್ರು. ಅಷ್ಟರಾಗ ಅಂವ ಒತ್ತಿಬಿಟ್ಟ. ಗಂಡ ಎಲ್ಲಿ ಅಂತ ಯಾರರ ಕೇಳಿದ್ರ ಮೊಣಕೈ ತೋರಸ್ತೇನಿ ನಾ."

ಇಬ್ಬರೂ ನಕ್ಕೆವು. ಕಾಕಿಯ ನಗು ಬೇಗ ನಿಂತಿತು.

"ಇಷ್ಟ ಮಂದಿ ಫೋಟೋ ತಗದ್ರು, ಅವ್ರದ ಒಂದೂ ಇಲ್ಲವಾ. ಆಧಾರ್ ಕಾರ್ಡಿನ್ಯಾಗ ನೋಡಿದ್ರ ಕಳ್ಳನ್ನ ಹಿಡಕೊಂಡು ಬಂದಂಗ ಕಾಣತಾರ. ಫೋನಿನ್ಯಾಗ ಯಾರರ ತಗೀತೇನಿ ಅಂದ್ರ, ನಿನಗ ತಗಿಯಾಕ ಬರೂದಿಲ್ಲ ಕೊಡಿಲ್ಲೆ ಅಂತ ಫೋನ್ ಕಸಗೊಂಡು ತಾವ ಅವ್ರದ ತಗೀತಾರ. ಒಂದ ಒಂದು ಛಲೋ ಫೋಟೋ ನನಗ ಮಾಡಿಕೊಡವಾ. ನಮಗೂ ವಯಸ್ಸಾತು. ನಾಳೆ ಏನರ ಆದ್ರ ಗ್ವಾಡಿಗೆ ಹಾಕಾಕ ಏನೂ ಇಲ್ಲ, ಬರೇ ಮೊಳಿ ಐತಿ."

ನಿಜವಾಗಿಯೂ ನಡುಮನೆಯ ಗೋಡೆಯಲ್ಲಿ ಒಂದು ಮೊಳೆ ಇತ್ತು. ಯಾವಾಗ ಹೊಡೆಸಿದ್ದು ಅಂತ ನಾನು ಕೇಳಲಿಲ್ಲ. ಮಾಡಿಕೊಡುತ್ತೇನೆ ಅಂತ ಮಾತು ಕೊಟ್ಟೆ. ತಟ್ಟೆ ಎತ್ತಿಕೊಳ್ಳುತ್ತ ಕಾಕಿ ಅಂದರು: "ಮೊಣಕೈ ಬಂದೈತಿ. ಉಳದಿದ್ದಷ್ಟ ಬಂದ್ರ ಸಾಕು."

ಬಿಸಿಲಿಗೆ ಹಿಡಿದು

ಆರನೆಯ ರೋಲನ್ನು ಪೂರ್ತಿ ಕಾಕಾನಿಗೇ ಇಟ್ಟೆವು. ಕಾಡಿಬೇಡಿ ಒಂದು ಭಾನುವಾರ ಮುಂಜಾನೆ ಅವರನ್ನು ಅಂಗಡಿಯ ಮುಂದೆ ಕುರ್ಚಿಯಲ್ಲಿ ಕೂರಿಸಿದೆವು. ಬಿಳೀ ಅಂಗಿ, ಧೋತರ, ತಲೆಗೆ ಟೊಪ್ಪಿಗೆ. ಮೊದಲ ಎರಡು ಚಾವಿ, ಕ್ಯಾಮೆರಾ ಎಲ್ಲಿಡಬೇಕು ಅಂತ ನಮ್ಮ ಹುಡುಗನಿಗೆ ಪಾಠ ಹೇಳುವುದರಲ್ಲೇ ಹೋದವು. ಆಗ ಕಾಕಿ ಹೊಸ್ತಿಲು ದಾಟಿ ಬಂದು ಕ್ಯಾಮೆರಾದ ಪಕ್ಕ ನಿಂತು, ಸೊಂಟಕ್ಕೆ ಕೈಯಿಟ್ಟು, "ಅಲುಗಾಡಬ್ಯಾಡ್ರಿ" ಅಂದರು. ಓಣಿ ಬಿದ್ದು ಬಿದ್ದು ನಕ್ಕಿತು. ಕಾಕಾ ಮಾತ್ರ ಸುಮ್ಮನಾಗಿ, ಹೆಂಡತಿಯ ಮುಖ ನೋಡುತ್ತ, ರೋಲ್ ಮುಗಿಯುವ ತನಕ ಕೂತರು. ಡಬ್ಬಿ ಮೊಸರಿನ ಪಕ್ಕ ಸೇರಿತು.

ಮಂಗಳವಾರ ಕಾಕಾ ಫೋನ್ ಮಾಡಿ, "ಒಬ್ಬಾಕಿನ ಬಂದು ಹೋಗವಾ" ಅಂದರು. ಹೋದರೆ ಅಂಗಡಿಯ ಹೊರಗೆ ನಿಂತು, ದನಿ ತಗ್ಗಿಸಿ ಹೇಳಿದರು. ಹಿಂದಿನ ದಿನ ಅವರು ಪೇಟೆಗೆ ಹೋದಾಗ ಕಾಕಿ ಆ ಡಬ್ಬಿ ತೆಗೆದಿದ್ದರು. ಅಂಗಳಕ್ಕೆ ಬಂದು, ಮೊಳಗಟ್ಟಲೆ ಫಿಲ್ಮ್ ಹೊರಗೆಳೆದು, ಬಿಸಿಲಿಗೆ ಹಿಡಿದು ನೋಡಿದ್ದರು.

ಕಾಕಿಯ ತಪ್ಪಾದರೂ ಏನು? ಗಂಡ ಫಿಲ್ಮ್ ತೊಳೆಯುವ ಕತ್ತಲೆಕೋಣೆಯೊಳಗೆ ಏನು ಮಾಡುತ್ತಿದ್ದರು ಅನ್ನುವುದನ್ನು ಅವರು ಒಂದು ದಿನವೂ ಕಂಡವರಲ್ಲ. ಹೊರಗೆ ಬಂದು, ತೊಳೆದ ಫಿಲ್ಮನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವುದನ್ನು ನಲವತ್ತು ವರ್ಷ ಕಂಡಿದ್ದರು. ತಾವೂ ಹಾಗೇ ಹಿಡಿದು, ಒಂದು ಕಣ್ಣು ಮುಚ್ಚಿ, ಗಂಡನನ್ನು ಹುಡುಕಿದ್ದರು. ತೊಳೆಯುವ ಮೊದಲೇ ಬಿಸಿಲು ತಾಗಿದರೆ ಅದರಲ್ಲಿ ಏನೂ ಉಳಿಯುವುದಿಲ್ಲ.

"ನಾ ಬಂದಾಗ, ಇದರಾಗ ನೀವ ಇಲ್ಲಲ್ರೀ ಅಂದ್ಳವಾ. ಮುಂಬೈದಾಗ ತೊಳದಮ್ಯಾಲೆ ಕಾಣತೇನಿ ಅಂತ ಹೇಳಿ ಸುತ್ತಿ ಇಟ್ಟೇನಿ. ಅಕಿ ಮುಂದ ಬಾಯಿ ಬಿಡಬ್ಯಾಡ. ಉಳದ ಐದರ ಜೋಡಿ ಅದನ್ನೂ ಕಳಸು."

"ಖಾಲಿ ಬರತೈತಲ್ರೀ ಕಾಕಾ. ಆವಾಗ ಏನ್ ಹೇಳೂದು?"

"ಮುಂಬೈದಾಂವ ಕೆಡಿಸಿದಾ ಅಂತ ಹೇಳೂಣು. ಬೈತಾಳ, ಬೈಲಿ. ಅಂವ ದೂರ ಇರ್ತಾನ, ಕೇಳಸಂಗಿಲ್ಲ." ಆಮೇಲೆ ಸ್ವಲ್ಪ ತಡೆದು, "ಇನ್ನೊಂದ ರೋಲ್ ಸಿಗತೈತೇನು ನೋಡು. ಬರೂ ರವಿವಾರ ಮತ್ತ ಕೂಡ್ತೇನಿ. ಈ ಸಲ ಖರೇನ ಮಾತಾಡಂಗಿಲ್ಲ."

ನಾನು ಸರ್ ಹತ್ತಿರ ಅತ್ತು ಕರೆದು ಏಳನೆಯ ರೋಲ್ ಕೇಳಿದೆ. ತಮಗಾಗಿ ಇಟ್ಟುಕೊಂಡಿದ್ದ ಕೊನೆಯದನ್ನು ಕೊಟ್ಟರು. ಬುಧವಾರ ಆರೂ ಡಬ್ಬಿ ಮುಂಬೈಗೆ ಕಳಿಸಿದೆವು. ಕಾಕಿ ಒಂದು ಡಬ್ಬಿಗೆ ಕುಂಕುಮ ಹಚ್ಚಿದ್ದರು. ಹಾಳಾದದ್ದಕ್ಕೇ.

ಸುಮ್ಮನೆ ಕೂತರು

ಶುಕ್ರವಾರ ಮುಂಜಾನೆ ಕಾಕಾ ಅಂಗಡಿಯ ಶಟರ್ ಎತ್ತಿ, ಕುರ್ಚಿಯಲ್ಲಿ ಕೂತು ಚಹಾ ಕುಡಿದರು. ಮತ್ತೆ ಏಳಲಿಲ್ಲ. ಭಾನುವಾರಕ್ಕೆ ಇನ್ನೂ ಎರಡು ದಿನ ಇತ್ತು.

ಅವರಲ್ಲಿ ತೀರಿಕೊಂಡವರನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವಿನ ಹಾರ ಹಾಕುತ್ತಾರೆ. ಮನೆಯವರು ಪಕ್ಕದಲ್ಲಿ ಕೂತು ಒಂದು ಫೋಟೋ ತೆಗೆಸುತ್ತಾರೆ. ನಾವು ಹೋಗುವಷ್ಟರಲ್ಲಿ ಕಾಕಾನನ್ನು ಕೂರಿಸಿದ್ದರು. ನೋಡಲು ಬಂದ ಒಬ್ಬೊಬ್ಬರೂ ಅವರ ಟೊಪ್ಪಿಗೆ ಸರಿ ಮಾಡಿ ಹೋಗುತ್ತಿದ್ದರು. ಗಿರಣಿಯಣ್ಣ ಬಲಕ್ಕೆ ಸರಿಸಿದರೆ ಹಿಟ್ಟಿನ ಅಕ್ಕ ಎಡಕ್ಕೆ ಸರಿಸುವಳು. ಓಣಿಯವರಿಗೆಲ್ಲ ಅದೊಂದು ಸೇಡು ಬಾಕಿ ಇದ್ದಂತೆ ಇತ್ತು, ಎಲ್ಲರೂ ಅಳುತ್ತಲೂ ಇದ್ದರು. ಅಜ್ಜಿ ಅವರ ಕಾಲ ಹತ್ತಿರ ಕೂತು, "ಆಡಿದ್ದ ಖರೇ ಮಾಡಿಬಿಟ್ಟೆಲ್ಲೋ" ಅನ್ನುತ್ತಿದ್ದಳು.

"ಫೋಟೋ ತಗಿಯಾಕ ಕರೀರಿ" ಅಂದರು ಯಾರೋ. ಎಲ್ಲರೂ ರೂಢಿಯಂತೆ ಝೆರಾಕ್ಸ್ ಅಂಗಡಿಯ ಕಡೆ ತಿರುಗಿದರು. ಆಮೇಲೆ ನಮ್ಮ ಕಡೆ ನೋಡಿದರು. ನಮ್ಮ ಹುಡುಗನ ಚೀಲದಲ್ಲಿ ಏಳನೆಯ ರೋಲ್ ಇತ್ತು. ಅವನು ಅಳುತ್ತಲೇ ಕ್ಯಾಮೆರಾ ನಿಲ್ಲಿಸಿದ. ಕಾಕಿ ತಲೆ ಎತ್ತಿದರು.

"ಬ್ಯಾಡಪಾ. ಇವ್ರು ಇಷ್ಟ ಸುಮ್ಮನ ಕೂತಿದ್ದು ನಾ ಎಂದೂ ನೋಡಿಲ್ಲ. ಇದರಾಗ ಇವ್ರಂಗ ಕಾಣಂಗಿಲ್ಲ. ಮುಂಬೈದಿಂದ ಬರೂದೈತಲ್ಲ, ಅದ ಸಾಕು."

ಕಾಕಿ ನನ್ನ ಮುಖ ನೋಡಿದರು, ಹೌದಲ್ಲೋ ಅನ್ನುವ ಹಾಗೆ. ನಾನು ಹೌದೆಂದು ತಲೆ ಆಡಿಸಿದೆ. ಆ ದಿನ ನಾನು ಅತ್ತದ್ದು ಕಾಕಾನಿಗಾಗಿಯೋ, ಆ ಸುಳ್ಳಿಗಾಗಿಯೋ ನನಗೇ ತಿಳಿಯದು.

ಮುಂಬೈದಾಂವ

ಒಂದೂವರೆ ತಿಂಗಳ ಮೇಲೆ ಮುಂಬೈಯಿಂದ ಫೋನ್ ಬಂತು. ವಯಸ್ಸಾದ ದನಿ, ಹಿಂದಿಯಲ್ಲಿ ಮಾತು. ಆರನೆಯ ರೋಲಿಗೆ ಬೆಳಕು ಬಡಿದಿದೆ, ಅದರಲ್ಲಿ ಏನೂ ಇಲ್ಲ, ತಪ್ಪು ನನ್ನದಲ್ಲ ಅಂದರು. ಗೊತ್ತು ಅಂದೆ. ಗೊತ್ತಿದ್ದೂ ತಪ್ಪನ್ನು ನಿಮ್ಮ ತಲೆಗೇ ಕಟ್ಟಬೇಕಾಗಿದೆ ಅಂತ ಹೇಳಿ, ಎಲ್ಲವನ್ನೂ ವಿವರಿಸಿದೆ.

"ಕಟ್ಟಿ. ನನ್ನನ್ನು ಬೈಯುವವರು ಈ ಊರಲ್ಲೇ ಬೇಕಾದಷ್ಟಿದ್ದಾರೆ, ನಿಮ್ಮೂರಿನವರು ಒಬ್ಬರು ಹೆಚ್ಚಾದರೆ ಏನಾಯಿತು" ಅಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು. "ಅದಿರಲಿ, ಉಳಿದ ಐದು ರೋಲಿನಲ್ಲಿ ನಡುನಡುವೆ ಬರುವ ಆ ಮುದುಕ ಯಾರು? ಉಳಿದವರೆಲ್ಲ ಸತ್ತವರಂತೆ ನಿಂತಿದ್ದಾರೆ. ಜೀವ ಇರುವುದು ಅವನೊಬ್ಬನಿಗೇ."

ನಾನು ಫೋನ್ ಇಟ್ಟು ನೋಟ್‌ಬುಕ್ ತೆಗೆದೆ. ಹಾಳು, ಹಾಳು, ಹಾಳು. ಎಣಿಸಿದರೆ ಹನ್ನೆರಡು. ಅಷ್ಟು ದಿನ ಖಾಲಿ ರೋಲಿನ ಚಿಂತೆಯಲ್ಲಿ, ಈ ಹನ್ನೆರಡರಲ್ಲೂ ಕಾಕಾ ಇದ್ದಾರೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

ಕಾಕಿಯ ಹತ್ತಿರ ಹೋಗಿ, ಕುರ್ಚಿಯಲ್ಲಿ ಕೂತದ್ದನ್ನು ಮುಂಬೈದಾಂವ ಕೆಡಿಸಿದ ಅಂತ ಹೇಳಿದೆ. ಕಾಕಾ ಇರುವ ಬೇರೆ ಶಾಟುಗಳಿವೆ ಅಂತ ಹೇಳುವ ಮೊದಲೇ ಅವರು ಬೈಯಲು ಶುರು ಮಾಡಿದ್ದರು. ಕಾಕಾ ಹೇಳಿದ್ದಕ್ಕಿಂತ ಹೆಚ್ಚೇ ಬೈದರು. ಇವತ್ತಿಗೂ ಟೀವಿಯಲ್ಲಿ ಮುಂಬೈ ಮಳೆಯಲ್ಲಿ ಮುಳುಗಿದ ಸುದ್ದಿ ಬಂದರೆ ಕಾಕಿ ಕೈಯ ಕೆಲಸ ನಿಲ್ಲಿಸಿ, "ಇನ್ನೊಂದೀಟು ಬರ್ಲಿ" ಅನ್ನುತ್ತಾರೆ.

ಗಿರಣಿಯಲ್ಲಿ ಸಿನಿಮಾ

ಸಿನಿಮಾ ತೋರಿಸಲು ಓಣಿಯಲ್ಲಿ ಕತ್ತಲೆಯ ಜಾಗ ಬೇಕಿತ್ತು. ಗಿರಣಿಯಣ್ಣ ಒಂದು ಮಧ್ಯಾಹ್ನ ಮಷಿನ್ ನಿಲ್ಲಿಸಿ, ಶಟರ್ ಎಳೆದು, ಗೋಡೆ ಬಿಟ್ಟುಕೊಟ್ಟ. ವರ್ಷಗಟ್ಟಲೆ ಹಿಟ್ಟು ಹಾರಿ ಅದು ಪರದೆಗಿಂತ ಬೆಳ್ಳಗಿತ್ತು. ಸರ್ ಲ್ಯಾಪ್‌ಟಾಪು, ಪ್ರೊಜೆಕ್ಟರ್ ತಂದರು. ಇಡೀ ಓಣಿ ಚಾಪೆ ಹಾಸಿಕೊಂಡು ಕೂತಿತು. ಕಾಕಿಗೆ ಎಲ್ಲರಿಗಿಂತ ಮುಂದೆ ಮಣೆ ಹಾಕಿದ್ದೆವು.

ನಾನು ಒಳ್ಳೆಯ ಶಾಟುಗಳನ್ನೆಲ್ಲ ಬಿಟ್ಟು, ಹಾಳಾದ ಹನ್ನೆರಡನ್ನೇ ಜೋಡಿಸಿದ್ದೆ. ಗೋಡೆಯ ಮೇಲೆ ಓಣಿಯವರು ಉಸಿರು ಹಿಡಿದು ನಿಂತರು. ಇನ್ನೇನು ಯಾರೋ ಕೆಮ್ಮಬೇಕು, ಅಷ್ಟರಲ್ಲಿ ಪಕ್ಕದಿಂದ ಕಾಕಾ ಬಂದರು. ಸೆರಗು ಎಳೆದರು, ಗದ್ದ ಎತ್ತಿದರು, ಹೋದರು. ಗಿರಣಿಯಲ್ಲಿ ಕೂತವರು ಕುತ್ತಿಗೆ ಮುಂದೆ ಚಾಚಿ ನೋಡಿದರು. ಎರಡನೆಯ ಸಲ ಬಂದಾಗ ಅಜ್ಜಿ, "ಬಂದಾ ನೋಡ್ರಿ ಮತ್ತ" ಅಂದಳು. ಮೂರನೆಯ ಸಲಕ್ಕೆ ಎಲ್ಲರೂ ನಕ್ಕರು. ಆಮೇಲೆ ಅವರು ಬರುವುದನ್ನೇ ಕಾಯತೊಡಗಿದರು. ಕಾಕಿ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ನಗುತ್ತಿದ್ದರೋ ಅಳುತ್ತಿದ್ದರೋ ಹಿಂದಿನಿಂದ ನನಗೆ ಕಾಣಲಿಲ್ಲ.

ಹನ್ನೆರಡನೆಯದು ಬಂತು. ನಾನು ಕೂಗಾಡಿದ್ದು. ಪುಣ್ಯಕ್ಕೆ ಆ ಕ್ಯಾಮೆರಾಕ್ಕೆ ದನಿ ಇಲ್ಲ. ಕಾಕಾ ಯಾರದೋ ಹೆಗಲು ಸರಿ ಮಾಡಿ, ನೇರ ನಮ್ಮ ಕಡೆ ತಿರುಗಿ, ಅಂಗೈ ಎತ್ತಿ ಬಾಯಿ ತೆರೆದರು. ಏನಂದರು ಅಂತ ಯಾರಿಗೂ ಹೇಳಬೇಕಾಗಿರಲಿಲ್ಲ. ಗಿರಣಿಯಲ್ಲಿ ಕೂತಿದ್ದ ಇಡೀ ಓಣಿ ಬೆನ್ನು ನೆಟ್ಟಗೆ ಮಾಡಿ, ಕೈ ಮೊಣಕಾಲ ಮೇಲಿಟ್ಟು, ಉಸಿರು ಹಿಡಿಯಿತು. ಅಜ್ಜಿ ಸೆರಗು ಸರಿ ಮಾಡಿಕೊಂಡಳು. ಕಾಕಾನನ್ನು ಒಂದು ಸಲವೂ ಕಾಣದ ಸರ್ ಕೂಡ ಗದ್ದ ಎತ್ತಿ ಕೂತರು.

"ನಿಂದ್ರಸು" ಅಂದರು ಕಾಕಿ. ನಾನು ಅಲ್ಲಿಗೇ ನಿಲ್ಲಿಸಿದೆ.

"ಇದನ್ನ ಕೊಡವಾ ನನಗ."

"ಬಾಯಿ ತಗದಾರಲ್ರೀ ಕಾಕಿ. ಬ್ಯಾರೆ ನೋಡೂಣು."

"ತಗದಿರ್ಲಿ. ಬಾಯಿ ಮುಚ್ಚಿದ್ದು ಹಾಕಿದ್ರ ಇವ್ರ ಗುರ್ತ ಯಾರಿಗೆ ಹತ್ತತೈತಿ?"

ಯಾರೂ ನಗಲಿಲ್ಲ. ಕಾಕಿ ಆಶ್ಚರ್ಯದಿಂದ ಹಿಂದೆ ತಿರುಗಿ ನೋಡಿದರು. ಗೋಡೆಯ ಮೇಲೆ ಕಾಕಾನ ಅಂಗೈ ಇನ್ನೂ ಎತ್ತಿದ್ದ ಹಾಗೇ ಇತ್ತು. ಅದರ ಕೆಳಗೆ ಗಿರಣಿಯಣ್ಣ, ಹಿಟ್ಟಿನ ಅಕ್ಕ, ಅಜ್ಜಿ, ಸರ್, ನಮ್ಮ ಉದ್ದನೆಯ ಹುಡುಗ, ಎಲ್ಲರೂ ಕಣ್ಣು ತುಂಬಿಕೊಂಡು, ಕೆನ್ನೆ ಉಬ್ಬಿಸಿ, ಒಂದಿಷ್ಟೂ ಅಲುಗಾಡದೆ ಕೂತಿದ್ದರು. ಕಾಕಿ ಒಬ್ಬೊಬ್ಬರ ಮುಖವನ್ನೂ ನೋಡಿದರು. ಆಮೇಲೆ ಕಣ್ಣು ಒರೆಸಿಕೊಂಡು, ಗಂಡನ ದನಿಯಲ್ಲೇ ಅಂದರು:

"ಫೋಟೋ ಆತು. ಉಸಿರ ಬಿಡ್ರಿ."